ಕಲ್ಲು ಕೊರೆದು ಮಳೆ ಹಿಡಿದವರು: ಇಟಲಿಯ ಬಸಿಲಿಕಾಟಾ

ಇಟಲಿ ಅಂದ ತಕ್ಷಣ ನಮಗೆ ನೆನಪಾಗೋದು ರೋಮ್‌ನ ಕೊಲೋಸಿಯಂ, ವೆನಿಸ್‌ನ ದೋಣಿಗಳು, ಪೀಸಾದ ವಾಲಿದ ಗೋಪುರ. ಸಿವಿಲ್ ಬ್ರಾಂಚ್‌ನ ಗೆಳೆಯರಿಗಂತೂ ಆ ಗೋಪುರದ ಅಡಿಪಾಯದ ಕಥೆ ಬಾಯಿಪಾಠ. ಈ ಲೇಖನದಲ್ಲಿ ನಾವು ಆ ಕಡೆ ಹೋಗೋದಿಲ್ಲ. ಇಟಲಿಯ ನಕ್ಷೆ ಒಂದು ಬೂಟಿನ ಹಾಗಿದೆಯಲ್ಲ, ಆ ಬೂಟಿನ ಹಿಮ್ಮಡಿಗೂ ಮುಂಗಾಲಿಗೂ ನಡುವೆ ಅಂಗಾಲಿನ ಬಾಗು ಬರುವ ಜಾಗದಲ್ಲಿ ಬಸಿಲಿಕಾಟಾ ಅನ್ನೋ ಒಂದು ಪ್ರಾಂತ್ಯ ಇದೆ. ಅಲ್ಲಿನ ಮಟೇರಾ ಊರನ್ನು 1950ರ ಹೊತ್ತಿಗೆ ಇಟಲಿಯ ರಾಜಕಾರಣಿಗಳು ‘ದೇಶದ ನಾಚಿಕೆ’ ಅಂತ ಕರೆದರು. ಅದೇ ಊರು 1993ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯೂ ಆಯಿತು.

ಕಲ್ಲು ಅದೇ, ಗುಹೆ ಅದೇ. ಹಾಗಾದರೆ ಬದಲಾಗಿದ್ದು ಏನು? ಎಂಜಿನಿಯರಿಂಗ್ ಓದುವವರಿಗೆ ಈ ಪ್ರಶ್ನೆಯಲ್ಲಿ ಒಂದು ಪಾಠ ಇದೆ. ಅದನ್ನು ಹುಡುಕುತ್ತಾ ಬಸಿಲಿಕಾಟಾ ಒಂದು ಸುತ್ತು ಹಾಕಿ ಬರೋಣ.

ಎಲ್ಲಿದೆ, ಹೇಗಿದೆ?

ಬಸಿಲಿಕಾಟಾದ ವಿಸ್ತೀರ್ಣ ಸುಮಾರು 10,000 ಚದರ ಕಿಲೋಮೀಟರ್. ಜನಸಂಖ್ಯೆ ಐದೂವರೆ ಲಕ್ಷಕ್ಕೂ ಕಡಿಮೆ. ಎರಡೇ ಜಿಲ್ಲೆ: ಪೊಟೆಂಜಾ ಮತ್ತು ಮಟೇರಾ. ರಾಜಧಾನಿ ಪೊಟೆಂಜಾ. ಪ್ರಾಂತ್ಯದ ಹೆಚ್ಚು ಕಡಿಮೆ ಅರ್ಧ ಭಾಗ ಬೆಟ್ಟ, ಉಳಿದದ್ದರಲ್ಲಿ ಬಹುಪಾಲು ಗುಡ್ಡ. ಬಯಲು ಅಂತ ಇರೋದು ನೂರಕ್ಕೆ ಎಂಟರಷ್ಟು ಮಾತ್ರ. ಎರಡು ಕಡೆ ಸಮುದ್ರ ತಾಗುತ್ತೆ. ಆಗ್ನೇಯದಲ್ಲಿ ಅಯೋನಿಯನ್ ಸಮುದ್ರ, ನೈಋತ್ಯದಲ್ಲಿ ತಿರ್ರೇನಿಯನ್ ಸಮುದ್ರ.

ಇದಕ್ಕೆ ಲುಕಾನಿಯಾ ಅಂತ ಇನ್ನೊಂದು ಹಳೆಯ ಹೆಸರಿದೆ. ರೋಮನ್ನರಿಗೂ ಮೊದಲು ಇಲ್ಲಿದ್ದ ಲುಕಾನಿ ಅನ್ನೋ ಜನರಿಂದ ಬಂದದ್ದು. ಮುಸ್ಸೊಲಿನಿ ಕಾಲದಲ್ಲಿ, 1932ರಿಂದ 1947ರವರೆಗೆ, ಅಧಿಕೃತವಾಗಿಯೂ ಇದೇ ಹೆಸರಿತ್ತು. ಇವತ್ತಿಗೂ ಅಲ್ಲಿನವರು ತಮ್ಮನ್ನು ಲುಕಾನಿ ಅಂತಾನೇ ಕರೆದುಕೊಳ್ಳುತ್ತಾರೆ.

ಚರಿತ್ರೆ: ಬೇಗ ಒಂದು ಸುತ್ತು

ಮೊದಲು ಅಯೋನಿಯನ್ ತೀರದ ಮೆಟಾಪೊಂಟೋ. ಗ್ರೀಕರು ಸಮುದ್ರ ದಾಟಿ ಬಂದು ಕಟ್ಟಿದ ವಸಾಹತು ಇದು. ಕ್ರಿ.ಪೂ. 6ನೇ ಶತಮಾನದ ಹೇರಾ ದೇವಿಯ ಗುಡಿಯ 15 ಕಂಬಗಳು ಇನ್ನೂ ನಿಂತಿವೆ. ನಾವೆಲ್ಲ ಹೈಸ್ಕೂಲಿನಲ್ಲಿ ಪ್ರಮೇಯ ಬಾಯಿಪಾಠ ಮಾಡಿದೆವಲ್ಲ, ಆ ಪೈಥಾಗೊರಸ್ ಕೊನೆಯ ದಿನಗಳನ್ನು ಕಳೆದು ತೀರಿಕೊಂಡದ್ದು ಇಲ್ಲೇ ಅನ್ನೋದು ಪರಂಪರೆಯ ನಂಬಿಕೆ.

ಆಮೇಲೆ ರೋಮನ್ನರು ಬಂದರು. ಲ್ಯಾಟಿನ್ ಕವಿ ಹೊರೇಸ್ ಕ್ರಿ.ಪೂ. 65ರಲ್ಲಿ ಹುಟ್ಟಿದ್ದು ಈ ಪ್ರಾಂತ್ಯದ ಉತ್ತರದ ವೆನೋಸಾದಲ್ಲಿ. ಅಲ್ಲಿಂದ ಹತ್ತಿರದಲ್ಲೇ ಮೆಲ್ಫಿ ಕೋಟೆ ಇದೆ. ಚಕ್ರವರ್ತಿ ಎರಡನೇ ಫ್ರೆಡರಿಕ್ 1231ರಲ್ಲಿ ತನ್ನ ಸಿಸಿಲಿ ರಾಜ್ಯಕ್ಕೆ ಒಂದು ದೊಡ್ಡ ಕಾನೂನು ಸಂಹಿತೆ ಕೊಟ್ಟದ್ದು ಇಲ್ಲಿಂದಲೇ. ಅದರಲ್ಲಿ ಊರಿನ ಹತ್ತಿರದ ನೀರಿನಲ್ಲಿ ಅಗಸೆ, ಸೆಣಬಿನ ನಾರು ನೆನೆಹಾಕಿ ಗಾಳಿ ಕೆಡಿಸಬಾರದು ಅನ್ನೋ ನಿಯಮವೂ ಇತ್ತು. ಸುಮಾರು 800 ವರ್ಷದ ಹಿಂದಿನ ಮಾಲಿನ್ಯ ನಿಯಂತ್ರಣ ಅಂತ ಇಟ್ಟುಕೊಳ್ಳಿ!

1663ರಿಂದ 1806ರವರೆಗೆ ಪ್ರಾಂತ್ಯದ ರಾಜಧಾನಿ ಮಟೇರಾ. ನೆಪೋಲಿಯನ್‌ನ ಅಣ್ಣ ಜೋಸೆಫ್ ಬೊನಪಾರ್ಟೆಯ ಆಳ್ವಿಕೆಯಲ್ಲಿ ರಾಜಧಾನಿ ಪೊಟೆಂಜಾಕ್ಕೆ ಹೋಯಿತು. ನೆನಪಿಡಿ, ‘ನಾಚಿಕೆ’ ಅನ್ನಿಸಿಕೊಂಡ ಊರು ಅದಕ್ಕೆ ಮೊದಲು 143 ವರ್ಷ ರಾಜಧಾನಿಯಾಗಿತ್ತು.

ಮಟೇರಾ: ಮನೆಯ ಸೂರೇ ಮೇಲಿನವರ ಬೀದಿ

ಇನ್ನು ನಿಧಾನವಾಗಿ ನೋಡಬೇಕಾದ ಜಾಗಕ್ಕೆ ಬರೋಣ. ಮಟೇರಾ ಇರೋದು ಮುರ್ಜಾ ಅನ್ನೋ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ. ಕೆಳಗೆ ಗ್ರಾವಿನಾ ಹೊಳೆಯ ಆಳವಾದ ಕಮರಿ. ಇಲ್ಲಿನ ಕಲ್ಲಿಗೆ ಭೂವಿಜ್ಞಾನಿಗಳು ಕ್ಯಾಲ್ಕರನೈಟ್ ಅಂತಾರೆ, ಊರಿನವರು ‘ತೂಫೊ’ ಅಂತಾರೆ. ಮೆದು ಕಲ್ಲು, ಕೈ ಉಪಕರಣಗಳಿಂದಲೇ ಕೊರೆಯಬಹುದು. ಹಳೆಯ ಶಿಲಾಯುಗದಿಂದಲೇ ಈ ಸುತ್ತಿನ ಗುಹೆಗಳಲ್ಲಿ ಮನುಷ್ಯರು ಇದ್ದ ಕುರುಹು ಸಿಕ್ಕಿವೆ.

ಹಳೆಯ ಊರಿನ ಗುಹೆಮನೆಗಳ ಎರಡು ಕೇರಿಗಳಿಗೆ ‘ಸಾಸ್ಸಿ’ ಅಂತ ಹೆಸರು. ಅಂದರೆ ಕಲ್ಲುಗಳು. ಒಂದು ಸಾಸ್ಸೋ ಕವೆಯೋಸೋ, ಇನ್ನೊಂದು ಸಾಸ್ಸೋ ಬರಿಸಾನೋ. ನಡುವೆ ಎತ್ತರದಲ್ಲಿ 13ನೇ ಶತಮಾನದ ದೊಡ್ಡ ಚರ್ಚು. ಇಳಿಜಾರಿನಲ್ಲಿ ಮನೆಗಳು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು. ಗುಹೆ ಕೊರೆದಾಗ ಬಂದ ಕಲ್ಲನ್ನೇ ಇಟ್ಟಿಗೆಯ ಹಾಗೆ ಕತ್ತರಿಸಿ ಗುಹೆಯ ಮುಂದೆ ಗೋಡೆ, ಕಮಾನು ಕಟ್ಟಿದರು. ನಿಮ್ಮ ಮನೆಯ ಸೂರಿನ ಮೇಲೆ ಮೇಲಿನ ಸಾಲಿನವರು ಓಡಾಡೋ ಬೀದಿ. ಅವರ ಸೂರಿನ ಮೇಲೆ ಇನ್ನೊಂದು ಬೀದಿ.

ಬೇಸಿಗೆಯಲ್ಲಿ ಸೂರ್ಯ ಮೇಲಿರೋದರಿಂದ ಬಿಸಿಲು ಗುಹೆಯ ಬಾಗಿಲಲ್ಲೇ ನಿಲ್ಲುತ್ತೆ. ಚಳಿಗಾಲದಲ್ಲಿ ಸೂರ್ಯ ಕೆಳಗಿರೋದರಿಂದ ಓರೆ ಬಿಸಿಲು ಒಳಗೆ ದೂರದವರೆಗೆ ಬರುತ್ತೆ. ಬಂಡೆಯ ದಪ್ಪದಿಂದಾಗಿ ಒಳಗಿನ ಉಷ್ಣಾಂಶ ವರ್ಷವಿಡೀ ಹೆಚ್ಚು ಏರಿಳಿಯೋದಿಲ್ಲ. ಎಸಿ ಇಲ್ಲ, ಹೀಟರ್ ಇಲ್ಲ.

ನೀರಿನ ವ್ಯವಸ್ಥೆ

ನಿಜವಾದ ಎಂಜಿನಿಯರಿಂಗ್ ಇರೋದು ನೀರಿನಲ್ಲಿ. ಗ್ರಾವಿನಾ ಹೊಳೆ ಕಮರಿಯ ತಳದಲ್ಲಿದೆ, ಅಲ್ಲಿಂದ ದಿನಾ ನೀರು ಹೊತ್ತು ತರೋದು ಕಷ್ಟ. ಸುಣ್ಣಕಲ್ಲಿನ ನೆಲದಲ್ಲಿ ಮಳೆನೀರು ನಿಲ್ಲೋದೂ ಇಲ್ಲ. ಹಾಗಾಗಿ ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯಬೇಕಿತ್ತು.

ಮಟೇರಾದ ಜನ ಬಂಡೆಯೊಳಗೆ ಗಂಟೆಯ ಆಕಾರದ ತೊಟ್ಟಿ ಕೊರೆದರು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಸೂರಿನ ನೀರು, ಅಂಗಳದ ನೀರು ಮಣ್ಣಿನ ಕೊಳವೆಗಳಲ್ಲಿ ಇಳಿದು ತೊಟ್ಟಿಗೆ ಬರುತ್ತಿತ್ತು. ಒಂದು ತುಂಬಿದರೆ ಹೆಚ್ಚಿನ ನೀರು ಮುಂದಿನದಕ್ಕೆ. ಪಂಪ್ ಬೇಡ, ಗುರುತ್ವವೇ ಸಾಕು. ಆದರೆ ಕಲ್ಲಿನಲ್ಲಿ ಸಣ್ಣ ರಂಧ್ರಗಳಿವೆ, ನೀರು ಇಂಗಿ ಹೋಗುತ್ತೆ. ಅದಕ್ಕೆ ಒಳಗೋಡೆಗೆ ಸುಣ್ಣದ ಜೊತೆ ಸುಟ್ಟ ಮಣ್ಣಿನ ಹೆಂಚು, ಮಡಕೆ ಚೂರುಗಳ ಪುಡಿ ಸೇರಿಸಿದ ಗಾರೆ ಬಳಿದರು. ನಮ್ಮ ಬಿಲ್ಡಿಂಗ್ ಮೆಟೀರಿಯಲ್ಸ್ ಪುಸ್ತಕದಲ್ಲಿ ಬರೋ ಸುರ್ಕಿ ಗಾರೆ ಇದರ ನೆಂಟ. ಸುಟ್ಟ ಜೇಡಿಯಲ್ಲಿರುವ ಸಿಲಿಕಾ, ಅಲ್ಯುಮಿನಾ ಸುಣ್ಣದ ಜೊತೆ ಪ್ರತಿಕ್ರಿಯಿಸಿ ನೀರಿಗೆ ಜಗ್ಗದ ಪದರ ಕಟ್ಟುತ್ತೆ.

ಮನೆಮನೆಯ ತೊಟ್ಟಿಗಳ ಜೊತೆ ಊರಿಗೆಲ್ಲ ಸೇರಿದ ದೊಡ್ಡ ತೊಟ್ಟಿಗಳೂ ಇದ್ದವು. ಮುಖ್ಯ ಚೌಕ ಪಿಯಾಜ್ಜಾ ವಿಟ್ಟೋರಿಯೋ ವೆನೆಟೋದ ಕೆಳಗಿರುವ ಪಲೊಂಬಾರೋ ಲುಂಗೋ ಅವುಗಳಲ್ಲಿ ಹೆಸರಾದದ್ದು. 16ನೇ ಶತಮಾನದಲ್ಲಿ ಶುರುವಾಗಿ 19ನೇ ಶತಮಾನದವರೆಗೆ ಹಂತಹಂತವಾಗಿ ದೊಡ್ಡದಾಯಿತು. ಆಳ ಸುಮಾರು 15 ಮೀಟರ್, ಹಿಡಿಯೋ ನೀರು ಸುಮಾರು 50 ಲಕ್ಷ ಲೀಟರ್. ಪೈಪ್ ನೀರು ಬಂದ ಮೇಲೆ ಜನ ಇದನ್ನು ಮರೆತೇಬಿಟ್ಟರು. 1991ರಲ್ಲಿ ಚೌಕದ ಕೆಲಸ ಮಾಡುವಾಗ ಮತ್ತೆ ಕಣ್ಣಿಗೆ ಬಿತ್ತು. ಈಗ ಒಳಗೆ ಲೋಹದ ನಡೆದಾರಿ ಮಾಡಿದ್ದಾರೆ, ಇಳಿದು ನೋಡಬಹುದು.

ಒಂದು ಸಣ್ಣ ಲೆಕ್ಕ

ಪೆನ್ನು ತೊಗೊಳ್ಳಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಟೇರಾದಲ್ಲಿ ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ ಅಂತ ಇಟ್ಟುಕೊಳ್ಳೋಣ. ಒಂದು ಮನೆಗೆ 50 ಚದರ ಮೀಟರ್ ಸೂರು ಇದ್ದರೆ 25,000 ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ಅಂತ 20 ಶೇಕಡಾ ಕಳೆದರೆ 20,000 ಲೀಟರ್. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 55 ಲೀಟರ್. ಮನೆಯಲ್ಲಿ ಐದು ಜನ ಇದ್ದರೆ ತಲಾ 11 ಲೀಟರ್.

ನಮ್ಮ ಪಠ್ಯದಲ್ಲಿ ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಡಿಸೈನ್ ಮಾಡ್ತೀವಿ. 11 ಲೀಟರಿನಲ್ಲಿ ಕುಡಿಯೋದು, ಅಡುಗೆ, ಮುಖ ತೊಳೆಯೋದು, ಕತ್ತೆಗೂ ನೀರು ಕುಡಿಸೋದು. ಅಂದರೆ ಈ ವ್ಯವಸ್ಥೆ ಬುದ್ಧಿವಂತಿಕೆಯದ್ದು ನಿಜ, ಆದರೆ ತುಂಬಾ ಬಿಗಿ. ಒಂದು ಹನಿಯೂ ಎಕ್ಸ್‌ಟ್ರಾ ಇಲ್ಲ. ಒಂದಿಷ್ಟೇ ಜನರಿಗೆ ಸಾಕಾಗೋ ಡಿಸೈನ್ ಅದು. ಈ ಮಾತು ನೆನಪಿನಲ್ಲಿರಲಿ, ಮುಂದಿನ ಕಥೆಗೆ ಇದೇ ಬೀಗದ ಕೈ.

ಕೆಟ್ಟದ್ದು ಎಲ್ಲಿ?

19ನೇ ಶತಮಾನದಿಂದ ಮಟೇರಾದ ಜನಸಂಖ್ಯೆ ಏರುತ್ತಾ ಹೋಯಿತು. ಸ್ಥಿತಿವಂತರು ಮೇಲಿನ ಸಮತಟ್ಟು ಜಾಗದಲ್ಲಿ ಹೊಸ ಮನೆ ಕಟ್ಟಿಕೊಂಡರು. ಸಾಸ್ಸಿಯಲ್ಲಿ ಉಳಿದದ್ದು ಬೇರೆಯವರ ಹೊಲದಲ್ಲಿ ದುಡಿಯೋ ರೈತರು, ಕೂಲಿಗಳು. ಜಾಗ ಸಾಲದೆ ಬಂತು. ಆಗ ಜನ ಏನು ಮಾಡಿದರು? ನೀರಿನ ತೊಟ್ಟಿಗಳನ್ನೇ ಖಾಲಿ ಮಾಡಿ, ಗೋಡೆ ಒಡೆದು, ಮನೆ ಮಾಡಿಕೊಂಡರು.

ಈಗ ಮೇಲಿನ ಲೆಕ್ಕಕ್ಕೆ ವಾಪಸ್ ಹೋಗಿ. ಜನ ಹೆಚ್ಚಾದರು, ಬೇಡಿಕೆ ಏರಿತು. ತೊಟ್ಟಿ ಮನೆಯಾಯಿತು, ಪೂರೈಕೆ ಇಳಿಯಿತು. ಒಂದೇ ಏಟಿಗೆ ಎರಡೂ ಕಡೆ ಪೆಟ್ಟು. ಮನೆ ಅಂತ ಕೊರೆದ ಗುಹೆಗೆ ಬೆಳಕಿನ ದಾರಿ ಇತ್ತು. ನೀರಿಗೆ ಅಂತ ಕೊರೆದ ತೊಟ್ಟಿಗೆ ಕಿಟಕಿ ಎಲ್ಲಿಂದ ಬರಬೇಕು? ಬರೀ ತೇವ, ಕತ್ತಲೆ. ಸಾಲದ್ದಕ್ಕೆ ಎರಡೂ ಕೇರಿಗಳ ಕೊಳಚೆ ಹರಿದು ಹೋಗುತ್ತಿದ್ದ ತೆರೆದ ಕಾಲುವೆಗಳನ್ನು 1930ರ ದಶಕದಲ್ಲಿ ಮುಚ್ಚಿ ಮೇಲೆ ರಸ್ತೆ ಮಾಡಿದರು.

ಸಾಸ್ಸೋ ಕವೆಯೋಸೋದಲ್ಲಿ ಹಳೆಯ ಗುಹೆಮನೆಯೊಂದನ್ನು ಆ ಕಾಲದಲ್ಲಿ ಇದ್ದ ಹಾಗೇ ಮ್ಯೂಸಿಯಂ ಮಾಡಿದ್ದಾರೆ. ಒಂದೇ ಕೋಣೆ. ತೇವ ತಾಗದಿರಲಿ ಅಂತ ಎತ್ತರದ ಮಂಚ, ಜೋಳದ ಸಿಪ್ಪೆ ತುಂಬಿದ ಹಾಸಿಗೆ, ಮಂಚದ ಕೆಳಗೆ ಕೋಳಿ, ಒಳಮೂಲೆಯಲ್ಲಿ ಹೇಸರಗತ್ತೆ, ಪಕ್ಕದಲ್ಲಿ ಗೊಬ್ಬರ. ಇದರ ನಡುವೆ ಗಂಡ, ಹೆಂಡತಿ, ಒಂದು ಹಿಂಡು ಮಕ್ಕಳು.

ಒಂದು ಪುಸ್ತಕ, ಒಂದು ಕಾನೂನು

ಕಾರ್ಲೋ ಲೇವಿ ಅಂತ ಒಬ್ಬರು ಇದ್ದರು. ತೂರಿನ್ ಊರಿನವರು, ಓದಿದ್ದು ವೈದ್ಯಕೀಯ, ಮಾಡಿದ್ದು ಚಿತ್ರಕಲೆ ಮತ್ತು ಬರವಣಿಗೆ. ಮುಸ್ಸೊಲಿನಿ ಸರ್ಕಾರವನ್ನು ವಿರೋಧಿಸಿದ್ದಕ್ಕೆ 1935ರಲ್ಲಿ ಅವರನ್ನು ಬಸಿಲಿಕಾಟಾಕ್ಕೆ ಗಡೀಪಾರು ಮಾಡಿದರು. ಮೊದಲು ಗ್ರಾಸ್ಸಾನೋ, ಆಮೇಲೆ ಅಲಿಯಾನೋ ಹಳ್ಳಿ. ಅಲ್ಲಿ ಕಂಡದ್ದನ್ನು ಬರೆದ ಪುಸ್ತಕ 1945ರಲ್ಲಿ ಬಂತು. ‘ಕ್ರಿಸ್ತ ಎಬೋಲಿಯಲ್ಲೇ ನಿಂತುಬಿಟ್ಟ’ ಅನ್ನೋದು ಆ ಹೆಸರಿನ ಅರ್ಥ. ಎಬೋಲಿ ಇರೋದು ಪಕ್ಕದ ಕಂಪಾನಿಯಾ ಪ್ರಾಂತ್ಯದಲ್ಲಿ. ಅದರಾಚೆಗೆ ನಾಗರಿಕತೆ, ಸರ್ಕಾರ, ಕೊನೆಗೆ ದೇವರೂ ಬರಲಿಲ್ಲ ಅನ್ನೋದು ಅಲ್ಲಿನ ರೈತರ ಭಾವನೆ. ಲೇವಿಯ ಅಕ್ಕ ಲೂಯಿಸಾ ಕೂಡ ಡಾಕ್ಟರ್. ಅವರು ಮಟೇರಾದಲ್ಲಿ ಕಂಡ ಕಣ್ಣುಬೇನೆಯ, ಮಲೇರಿಯಾದ ಮಕ್ಕಳು ಕ್ವಿನೈನ್ ಬೇಡಿದ ಸಂಗತಿಯೂ ಪುಸ್ತಕದಲ್ಲಿ ಬರುತ್ತೆ.

ಪುಸ್ತಕ ಓದಿದ ದೇಶ ಬೆಚ್ಚಿಬಿತ್ತು. ಪ್ರಧಾನಿ ದೆ ಗಾಸ್ಪೆರಿ 1950ರಲ್ಲಿ ತಾವೇ ಮಟೇರಾಕ್ಕೆ ಬಂದು ನೋಡಿದರು. 1952ರಲ್ಲಿ ವಿಶೇಷ ಕಾನೂನು ಆಯಿತು. ಅದರಂತೆ ಸುಮಾರು 15,000 ಜನರನ್ನು ಸಾಸ್ಸಿಯಿಂದ ಎಬ್ಬಿಸಿ ಹೊಸ ಬಡಾವಣೆಗಳಿಗೆ ಸಾಗಿಸಿದರು. ಗುಹೆಗಳು ಸರ್ಕಾರದ ಪಾಲಾದವು, ಬಾಗಿಲುಗಳಿಗೆ ಗೋಡೆ ಬಿತ್ತು.

ಇಲ್ಲಿ ಎರಡು ಸುಲಭದ ತೀರ್ಮಾನಗಳಿಗೆ ಬೀಳಬಾರದು ಅಂತ ನನಗನ್ನಿಸುತ್ತೆ. ಒಂದು, ‘ಹಿರಿಯರಿಗೆ ಎಲ್ಲಾ ಗೊತ್ತಿತ್ತು, ಆಧುನಿಕರು ಬಂದು ಹಾಳು ಮಾಡಿದರು’ ಅನ್ನೋದು. ವಾಟ್ಸಾಪ್ ಫಾರ್ವರ್ಡ್‌ಗೆ ಚೆನ್ನಾಗಿರುತ್ತೆ. ಆದರೆ ಹಸುಗೂಸುಗಳು ಸಾಯುತ್ತಿದ್ದದ್ದು ನಿಜ, ಇಟಲಿಯ ಸರಾಸರಿಗಿಂತ ತುಂಬಾ ಹೆಚ್ಚು. ಅವರನ್ನು ಅಲ್ಲೇ ಬಿಡೋದು ಯಾವ ಪರಂಪರೆಯ ರಕ್ಷಣೆ? ಇನ್ನೊಂದು, ‘ಗುಹೆ ಅಂದರೇನೇ ಹಿಂದುಳಿದದ್ದು’ ಅನ್ನೋದು. ಅದೇ ಗುಹೆಗಳಲ್ಲಿ ಶತಮಾನಗಳ ಕಾಲ ಊರು ಚೆನ್ನಾಗಿ ನಡೆದಿತ್ತು. 1950ರಲ್ಲಿ ಬಂದವರಿಗೆ ಕಂಡದ್ದು ಆಗಲೇ ಕೆಟ್ಟು ನಿಂತ ಯಂತ್ರ. ಯಾಕೆ ಕೆಟ್ಟಿತು ಅಂತ ಕೇಳಿದವರು ಕಡಿಮೆ.

ಹೊಸ ಹಳ್ಳಿಯಲ್ಲಿ ಸಿಕ್ಕಿದ್ದು, ಸಿಗದಿದ್ದು

ಸಾಸ್ಸಿಯಲ್ಲಿ ‘ವಿಚಿನಾತೋ’ ಅಂತ ಒಂದು ಪದ್ಧತಿ ಇತ್ತು. ನಾಲ್ಕಾರು ಮನೆಗಳು ಒಂದೇ ಅಂಗಳಕ್ಕೆ ಬಾಗಿಲು ತೆರೆಯುತ್ತಿದ್ದವು. ಅಂಗಳದ ಕೆಳಗಿನ ತೊಟ್ಟಿ ಎಲ್ಲರದ್ದು. ಮಕ್ಕಳನ್ನು ಯಾರು ಬೇಕಾದರೂ ನೋಡಿಕೊಳ್ಳುತ್ತಿದ್ದರು. ಬ್ರೆಡ್ ಸುಡೋದು ಕೇರಿಯ ಒಲೆಯಲ್ಲಿ. ಯಾರ ಹಿಟ್ಟು ಯಾವುದು ಅಂತ ತಿಳಿಯೋಕೆ ಪ್ರತಿ ಮನೆಗೂ ಒಂದು ಮರದ ಮುದ್ರೆ, ಅದರಲ್ಲಿ ಮನೆತನದ ಅಕ್ಷರ. ಹಿಟ್ಟಿನ ಮೇಲೆ ಒತ್ತಿ ಒಲೆಗೆ ಕಳಿಸೋದು. ಆ ಮುದ್ರೆಗಳನ್ನೇ ಈಗ ಪ್ರವಾಸಿಗರು ನೆನಪಿನ ಕಾಣಿಕೆಯಾಗಿ ಕೊಳ್ಳುತ್ತಾರೆ.

ಹೊಸ ಹಳ್ಳಿ ಕಟ್ಟುವಾಗ ಕೆಲವರು ಇದನ್ನು ಗಮನಿಸಿದ್ದರು. ಟೈಪ್‌ರೈಟರ್ ಕಂಪನಿಯ ಅಡ್ರಿಯಾನೋ ಒಲಿವೆಟ್ಟಿ, ವಾಸ್ತುಶಿಲ್ಪಿ ಲುಡೊವಿಕೋ ಕ್ವರೋನಿ ಮುಂತಾದವರು ಸೇರಿ ಲಾ ಮಾರ್ಟೆಲ್ಲಾ ಅನ್ನೋ ಹಳ್ಳಿ ಕಟ್ಟಿದರು. ಅದಕ್ಕೂ ಮೊದಲು ಸಮಾಜಶಾಸ್ತ್ರದ ಅಧ್ಯಯನವನ್ನೂ ಮಾಡಿಸಿದರು. ಮನೆ ಬೇರೆ, ಕೊಟ್ಟಿಗೆ ಬೇರೆ. ಅಕ್ಕಪಕ್ಕದವರು ಜೊತೆಗಿರುವ ಹಾಗೆ ಬಾಗಿದ ಬೀದಿಗಳು. ಜನರಿಗೆ ನಲ್ಲಿ ಸಿಕ್ಕಿತು, ಶೌಚಾಲಯ ಸಿಕ್ಕಿತು, ಬಿಸಿಲು ಸಿಕ್ಕಿತು. ಮಕ್ಕಳು ಬದುಕಿದರು. ಆದರೆ ಹಳೆಯ ಅಂಗಳ ಹಾಗೇ ಬರಲಿಲ್ಲ. ಬೇರೆ ಬಡಾವಣೆಗಳಲ್ಲಿ ನೆರೆಹೊರೆಯವರು ಬೇರೆ ಬೇರೆ ಕಟ್ಟಡಗಳಿಗೆ ಚದುರಿಹೋದರು. ಸಿಮೆಂಟು, ಇಟ್ಟಿಗೆಗೆ ಎಸ್ಟಿಮೇಟ್ ಹಾಕಬಹುದು. ನೆರೆಮನೆಗೆ ಎಸ್ಟಿಮೇಟ್ ಹಾಕೋದು ನಮಗೆ ಯಾವ ಸೆಮಿಸ್ಟರ್‌ನಲ್ಲೂ ಇಲ್ಲ.

ಊರಿಗೆ ಮತ್ತೆ ಜೀವ

ಖಾಲಿಯಾದ ಸಾಸ್ಸಿ ಕುಸಿಯತೊಡಗಿತು. ಅದನ್ನು ಕೆಡವಿಬಿಡೋಣ ಅನ್ನೋ ಮಾತೂ ಬಂತು. ಆಗ ಮುಂದೆ ಬಂದದ್ದು ಊರಿನ ಯುವಕರು. 1959ರಲ್ಲಿ ಅವರು ಲಾ ಸ್ಕಲೆಟ್ಟಾ ಅನ್ನೋ ಸಾಂಸ್ಕೃತಿಕ ಬಳಗ ಕಟ್ಟಿ, ಕಮರಿಯ ಎರಡೂ ಕಡೆ ಅಲೆದು, ಬಂಡೆಯಲ್ಲಿ ಕೊರೆದ ಚರ್ಚುಗಳನ್ನು ಒಂದೊಂದಾಗಿ ದಾಖಲಿಸಿದರು. ಸುತ್ತಮುತ್ತ ಇಂಥವು ಸುಮಾರು 150 ಇವೆ. ಗಚ್ಚಿನ ಮೇಲೆ ಚಿತ್ರ ಬರೆದ ‘ಮೂಲ ಪಾಪದ ಗುಹೆ’ ಹೊರಜಗತ್ತಿಗೆ ತಿಳಿದದ್ದು 1963ರಲ್ಲಿ. ಅಲ್ಲಿಯವರೆಗೆ ಕುರುಬರು ಅಲ್ಲಿ ಕುರಿ ಕೂಡುತ್ತಿದ್ದರು. ಒಂದು ಕಾಲೇಜು ಕ್ಲಬ್ಬಿನ ಪತ್ರಿಕೆಯಲ್ಲಿ ಇದನ್ನು ಬರೆಯುವಾಗ ನನಗೆ ಸ್ವಲ್ಪ ಖುಷಿ ಆಗುತ್ತೆ. ಕ್ಲಬ್ಬುಗಳೂ ಕೆಲವೊಮ್ಮೆ ಊರು ಉಳಿಸುತ್ತವೆ.

1986ರಲ್ಲಿ ಇನ್ನೊಂದು ಕಾನೂನು ಬಂತು. ಸಾಸ್ಸಿ ದುರಸ್ತಿಗೆ ಹಣ ಕೊಟ್ಟು, ಜನ ಮತ್ತೆ ವಾಸಿಸೋಕೆ ದಾರಿ ಮಾಡಿತು. ವಾಸ್ತುಶಿಲ್ಪಿ ಪಿಯೆತ್ರೋ ಲೌರಿಯಾನೋ ಈ ಊರನ್ನು ‘ನೀರಿನ ವ್ಯವಸ್ಥೆ’ಯಾಗಿ ಓದಿ ವಿವರಿಸಿದರು. ಯುನೆಸ್ಕೋ ಅರ್ಜಿಯ ಹಿಂದೆಯೂ ಅವರ ಕೆಲಸ ಇತ್ತು. ಸಿನಿಮಾದವರು ಅಷ್ಟರಲ್ಲಾಗಲೇ ಬಂದಿದ್ದರು. ಪಸೊಲಿನಿ 1964ರ ಚಿತ್ರದಲ್ಲಿ ಇದನ್ನು ಜೆರುಸಲೇಮ್ ಮಾಡಿದರು, ಮೆಲ್ ಗಿಬ್ಸನ್ 2004ರಲ್ಲಿ ಮತ್ತೆ ಅದನ್ನೇ ಮಾಡಿದರು. 2021ರ ಜೇಮ್ಸ್ ಬಾಂಡ್ ಚಿತ್ರದ ಆರಂಭದ ಕಾರ್ ಚೇಸ್ ನೆನಪಿದೆಯಾ? ಅದೂ ಮಟೇರಾನೇ.

ಇವತ್ತು ಅದೇ ಗುಹೆಗಳು ಹೋಟೆಲ್, ರೆಸ್ಟೋರೆಂಟ್, ಗ್ಯಾಲರಿ. ಊರಿಗೆ ದುಡ್ಡು ಬಂತು, ಹೆಸರು ಬಂತು. ಆದರೆ ಅಜ್ಜಿ ಹೇಸರಗತ್ತೆ ಜೊತೆ ಮಲಗಿದ್ದ ಕೋಣೆಯಲ್ಲಿ ಈಗ ಒಂದು ರಾತ್ರಿ ತಂಗೋಕೆ ಮೊಮ್ಮಗ ಯೋಚನೆ ಮಾಡಬೇಕಾದಷ್ಟು ಬಾಡಿಗೆ. ಪ್ರವಾಸಿಗರಿಗೆ ಜಾಗ ಮಾಡಿಕೊಡುತ್ತಾ ಅಲ್ಲೇ ವಾಸಿಸುವವರಿಗೆ ಎಷ್ಟು ಜಾಗ ಉಳಿಯಬೇಕು ಅನ್ನೋದು ಮಟೇರಾದ ಈಗಿನ ಪ್ರಶ್ನೆ.

ಕ್ರಾಕೋ: ನೀರು ತಿರುಗಿಬಿದ್ದರೆ

ಅದೇ ಜಿಲ್ಲೆಯ ಕ್ರಾಕೋ ಊರಿನ ಕಥೆ ಉಲ್ಟಾ. ಅಲ್ಲಿ ನೆಲ ಸುಣ್ಣಕಲ್ಲಲ್ಲ, ಜೇಡಿಮಣ್ಣಿನ ಗುಡ್ಡ. 1963ರಲ್ಲಿ ದೊಡ್ಡ ಭೂಕುಸಿತ ಆಗಿ ಜನರನ್ನು ಕೆಳಗಿನ ಕಣಿವೆಗೆ ಸಾಗಿಸಬೇಕಾಯಿತು. ನೀರು ಮತ್ತು ಚರಂಡಿಯ ಕಾಮಗಾರಿಗಳೂ ಕುಸಿತಕ್ಕೆ ಕಾರಣ ಅಂತ ಹೇಳುತ್ತಾರೆ. 1980ರ ನವೆಂಬರ್ 23ರ ಭೂಕಂಪದ ನಂತರ ಅಲ್ಲಿ ಯಾರೂ ಉಳಿಯಲಿಲ್ಲ. ಈಗ ಹೆಲ್ಮೆಟ್ ಹಾಕಿಕೊಂಡು ಗೈಡ್ ಜೊತೆ ಮಾತ್ರ ಒಳಗೆ ಹೋಗಬಹುದು. ಜೇಡಿಗೆ ನೀರು ಸೇರಿದರೆ ಏನಾಗುತ್ತೆ ಅಂತ ಸಾಯಿಲ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ನೋಡ್ತೀವಲ್ಲ, ಇದು ಅದರ ಊರಿನಷ್ಟು ದೊಡ್ಡ ಮಾದರಿ.

ಊಟ, ಹಬ್ಬ

ಮಟೇರಾದ ಬ್ರೆಡ್ ಮಾಡೋದು ಗಟ್ಟಿ ಗೋಧಿಯ ಹಳದಿ ರವೆಯಿಂದ. ಕೊಂಬಿನ ಆಕಾರ, ದಪ್ಪ ಸಿಪ್ಪೆ, ಎಷ್ಟೋ ದಿನ ಕೆಡೋದಿಲ್ಲ. ಸೆನೀಸೆ ಊರಿನ ಕೆಂಪು ಮೆಣಸಿನಕಾಯಿಯನ್ನು ದಾರದಲ್ಲಿ ಪೋಣಿಸಿ ಬಿಸಿಲಿಗೆ ಒಣಗಿಸಿ ಎಣ್ಣೆಯಲ್ಲಿ ಗರಿಗರಿಯಾಗಿ ಕರಿಯುತ್ತಾರೆ. ನಮ್ಮ ಬಾಳಕದ ಹಾಗೆಯೇ, ಆದರೆ ಖಾರ ಇಲ್ಲ, ಸಿಹಿ. ಆಗಸ್ಟ್ 1ಕ್ಕೆ ‘ಕ್ರಾಪಿಯಾತಾ’ ಮಾಡುತ್ತಾರೆ. ಹಿಂದೆ ಕೊಯ್ಲು ಮುಗಿದ ಮೇಲೆ ಅಂಗಳದ ಪ್ರತಿ ಮನೆಯವರೂ ಒಂದೊಂದು ಹಿಡಿ ಕಾಳು, ಗೋಧಿ ತಂದು ಒಂದೇ ಪಾತ್ರೆಯಲ್ಲಿ ಬೇಯಿಸಿ ಹಂಚಿಕೊಳ್ಳುತ್ತಿದ್ದ ಸಾರು ಅದು. ಸಸ್ಯಾಹಾರಿಗಳು ಧೈರ್ಯವಾಗಿ ಹೋಗಬಹುದು.

ಜುಲೈ 2 ಮಟೇರಾದ ದೊಡ್ಡ ಹಬ್ಬ, ಊರನ್ನು ಕಾಯೋ ಮಾತೆ ಬ್ರೂನಾಳದ್ದು. ಕಾಗದ, ಅಂಟಿನಿಂದ ತಿಂಗಳುಗಟ್ಟಲೆ ಕುಳಿತು ಒಂದು ದೊಡ್ಡ ತೇರು ಮಾಡುತ್ತಾರೆ. ಹೇಸರಗತ್ತೆಗಳು ಎಳೆಯುತ್ತವೆ, ಕುದುರೆ ಸವಾರರ ಕಾವಲು. ರಾತ್ರಿ ಮೆರವಣಿಗೆ ಮುಗಿದದ್ದೇ ಜನ ಮುಗಿಬಿದ್ದು ಆ ತೇರನ್ನು ಚೂರುಚೂರು ಮಾಡುತ್ತಾರೆ! ಒಂದು ಚೂರು ಸಿಕ್ಕರೆ ಆ ವರ್ಷ ಅದೃಷ್ಟ. ಮರುವರ್ಷಕ್ಕೆ ಮತ್ತೆ ಹೊಸ ತೇರು.

ಹೋಗೋದಾದರೆ

* ಬಸಿಲಿಕಾಟಾಕ್ಕೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಪಕ್ಕದ ಪ್ರಾಂತ್ಯದ ಬಾರಿ. ಅಲ್ಲಿಂದ ಮಟೇರಾ ಸುಮಾರು 65 ಕಿ.ಮೀ. ನ್ಯಾರೋ ಗೇಜ್ ರೈಲಿದೆ, ಹಳಿಗಳ ಅಂತರ 950 ಮಿ.ಮೀ. ನಿಧಾನ, ಆದರೆ ಚಂದ. ನಮಗೆ ಶೆಂಗೆನ್ ವೀಸಾ ಬೇಕು, ಬೇಗ ಅರ್ಜಿ ಹಾಕಿ.
* ಬೇಸಿಗೆಯಲ್ಲಿ ಕಲ್ಲು ಕಾದಿರುತ್ತೆ. ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು. ಮೆಟ್ಟಿಲು ತುಂಬಾ, ಜಾರದ ಶೂ ಇರಲಿ.
* ಮಟೇರಾಕ್ಕೆ ಎರಡು ದಿನ ಕೊಡಿ. ಮೊದಲು ಪಲೊಂಬಾರೋ ಲುಂಗೋ, ಆಮೇಲೆ ಗುಹೆಮನೆ ಮ್ಯೂಸಿಯಂ, ಸಂಜೆ ಕಮರಿಯ ಆಚೆ ದಡದಿಂದ ಊರು ನೋಡಿ. ನೀರು ಮೊದಲು ನೋಡಿದರೆ ಮನೆ ಅರ್ಥ ಆಗುತ್ತೆ.
* ಮೂರನೇ ದಿನ ಕ್ರಾಕೋ ಮತ್ತು ಅಲಿಯಾನೋ. ಕಾರ್ಲೋ ಲೇವಿಯ ಸಮಾಧಿ ಅಲಿಯಾನೋದಲ್ಲೇ ಇದೆ. ಗಡೀಪಾರಾಗಿ ಬಂದ ಊರಿನಲ್ಲೇ ಮಣ್ಣಾಗಿದ್ದಾರೆ.
* ಸಾಹಸ ಬೇಕಾದವರಿಗೆ ಕಸ್ತೆಲ್‌ಮೆಜಾನೋ ಮತ್ತು ಪಿಯೆತ್ರಪೆರ್ತೋಸಾ ಹಳ್ಳಿಗಳ ನಡುವೆ ಕಣಿವೆಯ ಮೇಲೆ ಉಕ್ಕಿನ ತಂತಿಯಲ್ಲಿ ಹಾರಾಟ. ವೇಗ ಗಂಟೆಗೆ 100 ಕಿ.ಮೀ. ದಾಟುತ್ತೆ.
* ಸಮುದ್ರ ಬೇಕಾದವರಿಗೆ ತಿರ್ರೇನಿಯನ್ ತೀರದ ಮರತೇಯಾ. ಬೆಟ್ಟದ ತುದಿಯಲ್ಲಿ ಸುಮಾರು 21 ಮೀಟರ್ ಎತ್ತರದ ಕ್ರಿಸ್ತನ ಬಿಳಿ ಪ್ರತಿಮೆ ಇದೆ.

ಇನ್ನೊಂದು ವಿಷಯ ಎಲೆಕ್ಟ್ರಾನಿಕ್ಸ್ ಗೆಳೆಯರಿಗೆ. ಮಟೇರಾದ ಹತ್ತಿರದ ಅದೇ ಪ್ರಸ್ಥಭೂಮಿಯ ಮೇಲೆ ಇಟಲಿಯ ಬಾಹ್ಯಾಕಾಶ ಸಂಸ್ಥೆಯ ಕೇಂದ್ರ 1983ರಿಂದ ಇದೆ. ಅಲ್ಲಿಂದ ಉಪಗ್ರಹಗಳಿಗೆ ಲೇಸರ್ ಬಿಟ್ಟು ದೂರ ಅಳೆಯುತ್ತಾರೆ.

ಚರ್ಚೆಗೆ

ಮುಂದಿನ ಕ್ಲಬ್ ಸಭೆಗೆ ಬರುವಾಗ ಈ ಮೂರು ಯೋಚಿಸಿಕೊಂಡು ಬನ್ನಿ. ಒಂದು, ನಿಮ್ಮ ಮನೆ ಅಥವಾ ಹಾಸ್ಟೆಲ್ ತಾರಸಿಯ ಅಳತೆ ತೆಗೆದು ಮೇಲಿನ ಲೆಕ್ಕ ಮಾಡಿ, ತಲಾ ಎಷ್ಟು ಲೀಟರ್ ಬಂತು? ಎರಡು, 1952ರಲ್ಲಿ ನೀವು ಮಟೇರಾದ ಎಂಜಿನಿಯರ್ ಆಗಿದ್ದರೆ ಜನರನ್ನು ಸಾಗಿಸುತ್ತಿದ್ದಿರಾ, ಸಾಸ್ಸಿಯನ್ನೇ ರಿಪೇರಿ ಮಾಡುತ್ತಿದ್ದಿರಾ? ಮಕ್ಕಳು ಸಾಯುತ್ತಿದ್ದಾರೆ, ಟೈಮ್ ಕಡಿಮೆ ಅನ್ನೋದು ನೆನಪಿರಲಿ. ಮೂರು, ಸ್ಥಳಾಂತರದ ಪ್ಲ್ಯಾನ್ ಬರೆಯುವಾಗ ‘ಅಂಗಳ’ವನ್ನು ಯಾವ ಕಾಲಂನಲ್ಲಿ ಹಾಕ್ತೀರಿ?

ಎರಡನೇ ಪ್ರಶ್ನೆಗೆ ನನ್ನ ಉತ್ತರ: ಸಾಗಿಸುತ್ತಿದ್ದೆ. ಆದರೆ ತೊಟ್ಟಿಗಳ ನಕ್ಷೆ ಬರೆದಿಟ್ಟು, ಅಂಗಳದವರನ್ನೆಲ್ಲ ಒಂದೇ ಕಡೆ ಇಳಿಸುತ್ತಿದ್ದೆ. ನಿಮ್ಮದು ಬೇರೆ ಇದ್ದರೆ ಸಭೆಯಲ್ಲಿ ವಾದ ಮಾಡೋಣ.